ಜಾಲಪಾಠ ಮೀಮಾಂಸೆ: ಬಳ್ಳಾರಿ ಕಾಂಡ

ಆನ್‌ಲೈನ್ ಪಾಠದ ಬಗ್ಗೆ ವಿಶ್ವವಿದ್ಯಾಲಯದ ಮಕ್ಕಳ ಅಭಿಮತವೇನು? ಈ ಗಹನ ಪ್ರಶ್ನೆಗೆ ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡುಗಳನ್ನು ಕ್ಷೇತ್ರವಾಗಿಸಿ, ಗೂಗಲ್ ಫಾರ್ಮನ್ನೇ ಸಾಧನವಾಗಿಸಿ ಉತ್ತರ ಹುಡುಕಲು ಈ ಮಹಾಪ್ರಬಂಧ ಹೊರಟಿದೆ.

ಮೊದಲ ಪ್ರಶ್ನೆ: ‘ನಿಮಗೆ ಇಂಟರ್ನೆಟ್ ಸೌಲಭ್ಯ ಉಂಟೇ?’ ಉತ್ತರಿಸಿದವರೆಲ್ಲ ‘ಉಂಟು’ ಎಂದರು. ‘ಇಲ್ಲ’ವನ್ನು ಒತ್ತಿದವರು ಒಬ್ಬರೂ ಇಲ್ಲ. ಮೀಮಾಂಸಕ ಕುಮಾರಿಲ ಭಟ್ಟನ ಮತದಲ್ಲಿ ಅನುಪಲಬ್ಧಿಯೂ ಒಂದು ಪ್ರಮಾಣ: ಕಾಣಬೇಕಾದದ್ದು ಕಾಣದಿದ್ದರೆ ಅದು ಇಲ್ಲ. ಆದ್ದರಿಂದ ನೆಟ್‌ವರ್ಕ್ ಇಲ್ಲದ ವಿದ್ಯಾರ್ಥಿ ಎಂಬುದು ಮೊಲದ ಕೊಂಬು.

ಇಲ್ಲೊಂದು ಪೂರ್ವಪಕ್ಷ. ಸಿರುಗುಪ್ಪದ ಭತ್ತದ ಸೀಮೆಯಿಂದ ಆಕ್ಷೇಪಿಸುವವರು ಹೀಗೆನ್ನಬಹುದು: “ಮಾಳಿಗಿ ಏರಿದ್ರ ಸಿಗ್ನಲ್ ಬರ್ತೈತ್ರಿ ಸರ್. ಆದ್ರ ಬಿಸ್ಲಿಗೆ ಫೋನೇ ಬಂದ್ ಆಗ್ತೈತಿ. ಅದೂ ಅಣ್ಣನ ಫೋನು.” ಇದು ಗ್ರಾಹ್ಯವಲ್ಲ. ಫಾರ್ಮಿನಲ್ಲಿ ದಾಖಲಾಗದ ನುಡಿ ಶಬ್ದಪ್ರಮಾಣವಾಗದು. ಮೇಲಾಗಿ ‘ಅಣ್ಣನ ಫೋನು’ ಎಂಬ ಆಯ್ಕೆಯನ್ನೇ ನಾವು ಕೊಟ್ಟಿರಲಿಲ್ಲ.

ಇನ್ನು ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ‘ಸ್ವಯಂ’ ವೇದಿಕೆ. 2017ರಲ್ಲಿ ಶುರುವಾದ ಇದಕ್ಕೆ ನಾಲ್ಕು ಪಾದ: ವಿಡಿಯೋ, ಓದುವ ಪಠ್ಯ, ಚರ್ಚೆ, ಸ್ವಮೌಲ್ಯಮಾಪನ. ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ಇಲ್ಲೇ ಮುಗಿಸಬಹುದೆಂದು ಯುಜಿಸಿ 2021ರಲ್ಲಿ ವಿಧಿಸಿತು. ವಿದ್ಯಾರ್ಥಿಗಳು ಐದನೆಯ ಪಾದವನ್ನೂ ಕಂಡುಕೊಂಡಿದ್ದಾರೆ: ವಿಡಿಯೋವನ್ನು ದುಪ್ಪಟ್ಟು ವೇಗದಲ್ಲಿ ಓಡಿಸಿ ಅನ್ನಕ್ಕಿಡುವುದು. ಕೊನೆಯ ಪರೀಕ್ಷೆಗೆ ಮಾತ್ರ ಖುದ್ದು ಕೇಂದ್ರಕ್ಕೆ ಹೋಗಬೇಕು. ಬಸ್ಸಿಗೆ ಇನ್ನೂ ಆ್ಯಪ್ ಪರ್ಯಾಯವಾಗಿಲ್ಲ.

ಹಾಜರಾತಿಯ ವಿಷಯದಲ್ಲಿ ಕುರುಗೋಡಿಗೆ ಪರಂಪರೆಯ ಬೆಂಬಲವಿದೆ. ಅಲ್ಲಿನ ಏಕಶಿಲೆಯ ದೊಡ್ಡಬಸವೇಶ್ವರ ಶತಮಾನಗಳಿಂದ ಕದಲದೆ, ತುಟಿ ಪಿಟಕ್ಕೆನ್ನದೆ ಹಾಜರಿದ್ದಾನೆ. ಕ್ಯಾಮೆರಾ ಮುಚ್ಚಿ, ಮ್ಯೂಟ್ ಮಾಡಿ ಕೂತ ವಿದ್ಯಾರ್ಥಿಯೂ ಹಾಗೆಯೇ. ವ್ಯತ್ಯಾಸವಿಷ್ಟೇ, ಬಸವಣ್ಣ ನಿಜಕ್ಕೂ ಅಲ್ಲಿರುತ್ತಾನೆ.

ಬಳ್ಳಾರಿಯ ಪಕ್ಕದ ಸಂಗನಕಲ್ಲು–ಕುಪ್ಪಗಲ್ಲು ಗುಡ್ಡದಲ್ಲಿ ನವಶಿಲಾಯುಗದ ನೆಲೆಯಿದೆ. ಅಲ್ಲಿನ ಕೆಲವು ಕರಿಬಂಡೆಗಳು ಕಲ್ಲಿನಿಂದ ಬಡಿದರೆ ಗಂಟೆಯಂತೆ ಮೊಳಗುತ್ತವೆ. ಬಡಿದವರು ನಡುನಡುವೆ ನಿಲ್ಲಿಸಿ “ಕೇಳಿಸ್ತೈತೇನ್ರಪ್ಪಾ?” ಎಂದು ವಿಚಾರಿಸಿದ್ದಕ್ಕೆ ಪುರಾವೆ ಸಿಕ್ಕಿಲ್ಲ. ಇಂದಿನ ಅಧ್ಯಾಪಕರು ಆ ಪ್ರಶ್ನೆಯಿಂದಲೇ ಪಾಠ ಆರಂಭಿಸುತ್ತಾರೆ. ಕೆಲವೊಮ್ಮೆ ಅದರಲ್ಲೇ ಮುಗಿಸುತ್ತಾರೆ. ಕೇಳಿಸಿದವರು ‘ಎಸ್ ಸರ್’ ಎಂದು ಬರೆಯುತ್ತಾರೆ. ಕೇಳಿಸದವರ ಆಕ್ಷೇಪಣೆ ಇದುವರೆಗೆ ಬಂದಿಲ್ಲ.

ಸಿದ್ಧಾಂತ: ಸರ್ವರೂ ಸಂತುಷ್ಟರು. ಫಾರ್ಮ್ ತುಂಬದವರು ಏಕೆ ತುಂಬಲಿಲ್ಲವೆಂದು ತಿಳಿಯಲು ಇನ್ನೊಂದು ಲಿಂಕ್ ಕಳಿಸಲಾಗಿದೆ. ಯಾರೂ ಉತ್ತರಿಸದ ಕಾರಣ ಅವರಿಗೂ ದೂರುಗಳಿಲ್ಲವೆಂದು ಪರಿಗಣಿಸಿ, ಪ್ರಬಂಧವನ್ನು ಪಿಡಿಎಫ್ ಮಾಡಿ ಅವರ ವಾಟ್ಸಾಪಿಗೇ ಹಾಕಿದ್ದೇವೆ. ಸದ್ಯಕ್ಕೆ ಒಂದೇ ಟಿಕ್ ಬಿದ್ದಿದೆ.