ಕಾಯಿಲ್ ಮೀಮಾಂಸೆ

ಹಳೆಯ ಕಾರಿನ ಇಗ್ನಿಷನ್ ಕಾಯಿಲನ್ನು ಮನೆಯಂಗಳದಲ್ಲಿಯೇ ಬದಲಿಸುವ ವಿದ್ಯೆಯು ಶಾಸ್ತ್ರವೆನ್ನಿಸಿಕೊಳ್ಳಲು ಅರ್ಹವೇ ಎಂಬ ಶಂಕೆಯು, ಶಾಸ್ತ್ರವೊಂದಕ್ಕೆ ಇರಲೇಬೇಕಾದ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳೂ ಇದಕ್ಕಿರುವುದರಿಂದ ತಾನಾಗಿಯೇ ಪರಿಹಾರವಾಗುತ್ತದೆ. ವಿಷಯವು ಕಾಯಿಲ್, ಪ್ರಯೋಜನವು ಗ್ಯಾರೇಜಿನ ಮಜೂರಿ ಉಳಿಯುವುದು, ಸಂಬಂಧವು ಕಾರಿಗೂ ಅದನ್ನು ಮಾರಲು ಮನಸ್ಸು ಬಾರದ ಯಜಮಾನನಿಗೂ ಇರುವಂಥದ್ದು, ಅಧಿಕಾರಿ, ಎಂದರೆ ಇದಕ್ಕೆ ಕೈಹಾಕಲು ತಕ್ಕವನು, ಭಾನುವಾರ ಬೆಳಗ್ಗೆ ತರಕಾರಿ ಚೀಲ ಕೈಗೆ ಬರುವ ಮೊದಲೇ ಬಾನೆಟ್ ಎತ್ತಿ ನಿಂತವನು.

ಮೊದಲು ಶಬ್ದವಿಚಾರ. ಕಾಯಿಲ್ ಎಂಬುದು ಸುರುಳಿ ಎಂಬರ್ಥದ ಇಂಗ್ಲಿಷ್ ಪದವಾಗಿದ್ದು, ಕನ್ನಡದ ಕಾಯಿಲೆಗೂ ಅದಕ್ಕೂ ವ್ಯುತ್ಪತ್ತಿಯಲ್ಲಿ ನಂಟಿಲ್ಲ, ಅನುಭವದಲ್ಲಿ ಮಾತ್ರ ಉಂಟು. ‘ಕಾಯಿಲ್ ಹೋಗಿದೆ ಸಾರ್’ ಎಂದು ಮೆಕ್ಯಾನಿಕ್ ತೀರ್ಪು ಕೊಟ್ಟಾಗ ಹೋಗಿರುವ ವಸ್ತುವು ಎಲ್ಲಿಗೂ ಹೋಗದೆ ಇಂಜಿನ್ನಿನ ಮೇಲೆಯೇ ಕುಳಿತಿರುತ್ತದೆ. ‘ಹೋಗು’ ಧಾತುವಿನ ಈ ವಿಲಕ್ಷಣಾರ್ಥವು 13ನೆಯ ಶತಮಾನದ ವೈಯಾಕರಣ ಕೇಶಿರಾಜನ ಗಮನವನ್ನು ಸೆಳೆಯದಿದ್ದುದಕ್ಕೆ ಆತನ ಬಳಿ ಕಾರಿಲ್ಲದಿದ್ದುದೇ ಕಾರಣವಾಗಿರಬೇಕು.

ಇನ್ನು ಸ್ವರೂಪ. ಬ್ಯಾಟರಿಯ 12 ವೋಲ್ಟ್ ವಿದ್ಯುತ್ತು ಪೆಟ್ರೋಲಿಗೆ ಕಿಡಿ ಹೊತ್ತಿಸಲು ಸಾಲದಾದ್ದರಿಂದ ಅದನ್ನು 20 ಸಾವಿರ ವೋಲ್ಟಿನಾಚೆಗೆ ಏರಿಸುವುದು ಕಾಯಿಲಿನ ಕೆಲಸ. ಅದರೊಳಗೆ ದಪ್ಪ ತಂತಿಯ ಕೆಲವು ನೂರು ಸುತ್ತುಗಳೂ ಕೂದಲಿನಂಥ ತಂತಿಯ ಅದಕ್ಕಿಂತ ಸುಮಾರು ನೂರು ಪಟ್ಟು ಹೆಚ್ಚು ಸುತ್ತುಗಳೂ ಇದ್ದು, ಮೊದಲನೆಯದರಲ್ಲಿ ಹರಿಯುವ ಕರೆಂಟನ್ನು ಥಟ್ಟನೆ ಕಡಿದೊಡನೆ ಕಾಂತಕ್ಷೇತ್ರ ಕುಸಿದು, ಎರಡನೆಯದರಲ್ಲಿ ಹುಟ್ಟುವ ಒತ್ತಡವು ಪ್ಲಗ್ಗಿನ ತುದಿಯ ಸುಮಾರು ಒಂದು ಮಿಲಿಮೀಟರಿನ ಸಂದನ್ನು ಕಿಡಿಯಾಗಿ ಜಿಗಿಯುತ್ತದೆ. ಇದರ ಹಿಂದಿನ ತತ್ತ್ವವನ್ನು 1831ರಲ್ಲಿ ಫ್ಯಾರಡೆ ಕಂಡುಹಿಡಿದರು. 1836ರಲ್ಲಿ ಇಂಥ ಸುರುಳಿಯನ್ನು ಕಟ್ಟಿದ ಐರ್ಲೆಂಡಿನ ನಿಕೋಲಸ್ ಕ್ಯಾಲನ್ ವೃತ್ತಿಯಿಂದ ಪಾದ್ರಿಯಾಗಿದ್ದರೆಂಬುದನ್ನು ನೆನೆದರೆ, ಕಾರು ಸ್ಟಾರ್ಟ್ ಆಗದಾಗ ದೇವರ ಹೆಸರು ಬಾಯಿಗೆ ಬರುವುದು ಸಂಪ್ರದಾಯಬದ್ಧವೆಂದೇ ಹೇಳಬೇಕಾಗುತ್ತದೆ. ಪದ್ಮಿನಿ, ಅಂಬಾಸಡರ್‌ಗಳ ಕಾಲದಲ್ಲಿ ಒಂದೇ ಕಾಯಿಲಿದ್ದು, ಡಿಸ್ಟ್ರಿಬ್ಯೂಟರ್ ಎಂಬ ಸಾಧನವು ಒಂದೇ ಸೌಟಿನಲ್ಲಿ ಪಂಕ್ತಿಗೆಲ್ಲ ಬಡಿಸಿದ ಹಾಗೆ ನಾಲ್ಕು ಪ್ಲಗ್ಗುಗಳಿಗೂ ಕಿಡಿ ಹಂಚುತ್ತಿತ್ತು.

ಈ ಪ್ರಬಂಧಕ್ಕೆ ಆಕರವಾಗಿರುವುದು 2003ರಲ್ಲಿ ಭಾರತಕ್ಕೆ ಬಂದ ಹೋಂಡಾ ಸಿಟಿಯ 1497 ಸಿಸಿಯ ಐ-ಡಿಎಸ್‌ಐ ಇಂಜಿನ್. ಇದರಲ್ಲಿ ಪೆಟ್ರೋಲು ಬೇಗ ಉರಿದು ಮೈಲೇಜ್ ಹೆಚ್ಚಲೆಂದು ಸಿಲಿಂಡರಿಗೆ ಎರಡರಂತೆ ಎಂಟು ಪ್ಲಗ್ಗುಗಳೂ ಪ್ಲಗ್ಗಿಗೊಂದರಂತೆ ಎಂಟು ಕಾಯಿಲುಗಳೂ ಇವೆ. ಮುಂದಿನ ನಾಲ್ಕು ಸುಲಭವಾಗಿ ಕೈಗೆ ಸಿಗುತ್ತವೆ. ಹಿಂದಿನ ನಾಲ್ಕು ವಿಂಡ್‌ಶೀಲ್ಡಿನ ಬುಡದ ಕತ್ತಲಲ್ಲಿದ್ದು, ವೈಪರುಗಳನ್ನೂ ಅವುಗಳ ಕೆಳಗಿನ ಕಪ್ಪು ಪ್ಲಾಸ್ಟಿಕ್ ಹಲಗೆಯನ್ನೂ ಬಿಚ್ಚದೆ ದರ್ಶನ ಕೊಡುವುದಿಲ್ಲ. ಪೂರ್ವಮೀಮಾಂಸೆ ಕರ್ಮವನ್ನೂ ಉತ್ತರಮೀಮಾಂಸೆ ಕಣ್ಣಿಗೆ ಕಾಣದ ತತ್ತ್ವವನ್ನೂ ಹಿಡಿದು ಹೊರಟಂತೆ, ಇಲ್ಲಿಯೂ ಮುಂದಿನ ಸಾಲಿಗೆ ಕರ್ಮಠರು ಧಾರಾಳವಾಗಿದ್ದು, ಹಿಂದಿನ ಸಾಲು ಉಂಟೆಂಬುದನ್ನು ಅನೇಕರು ಶಬ್ದಪ್ರಮಾಣದಿಂದ, ಎಂದರೆ ಬಲ್ಲವರು ಹೇಳಿದ್ದನ್ನು ನಂಬಿ, ಒಪ್ಪಿಕೊಂಡಿದ್ದಾರೆ. ‘ಎಲ್ಲ ಪ್ಲಗ್ ಚೇಂಜ್ ಮಾಡಿದೀವಿ’ ಎಂಬ ವಾಕ್ಯದಲ್ಲಿ ‘ಎಲ್ಲ’ ಎಂಬುದಕ್ಕೆ ನಾಲ್ಕು ಎಂದು ಅರ್ಥಮಾಡುವ ಪಂಥವೂ ಇದೆ.

ರೋಗನಿರ್ಣಯವೇ ಈ ಶಾಸ್ತ್ರದ ಕಠಿಣ ಭಾಗ. ಒಂದು ಕಾಯಿಲ್ ಸತ್ತರೂ ಅದೇ ಸಿಲಿಂಡರಿನ ಜೋಡಿ ಕಾಯಿಲ್ ಕಿಡಿ ಕೊಡುತ್ತಲೇ ಇರುವುದರಿಂದ ಗಾಡಿ ಪೂರ್ತಿ ಮಿಸ್ಸಿಂಗ್ ಹೊಡೆಯದೆ, ಪಿಕಪ್ ಮಾತ್ರ ಇಳಿದು, ಅವಿಭಕ್ತ ಕುಟುಂಬದಲ್ಲಿ ಒಬ್ಬ ತಮ್ಮ ದುಡಿಯದಿದ್ದರೂ ಮನೆ ನಡೆದುಹೋಗುವಂತೆ ನಡೆದುಹೋಗುತ್ತದೆ. ಆದಕಾರಣ ಹೊಗೆಯಿಂದ ಬೆಂಕಿಯನ್ನು ಊಹಿಸುವ ನೈಯಾಯಿಕರ ಮಾರ್ಗವನ್ನು ಹಿಡಿಯಬೇಕು: ಇಂಜಿನ್ ಆರಿಸಿ, ಮುಂದಿನ ಒಂದು ಕಾಯಿಲಿನ ಕನೆಕ್ಟರ್ ಕಳಚಿ, ಮತ್ತೆ ಸ್ಟಾರ್ಟ್ ಮಾಡಿದಾಗ ಇಂಜಿನ್ ಗಡಗಡ ನಡುಗಿದರೆ ಆ ಸಿಲಿಂಡರಿನ ಹಿಂದಿನ ಕಿಡಿ ಬರುತ್ತಿಲ್ಲವೆಂದೂ, ಹೆಚ್ಚು ವ್ಯತ್ಯಾಸ ಕಾಣದಿದ್ದರೆ ಹಿಂದಿನದು ದುಡಿಯುತ್ತಿದೆಯೆಂದೂ ತಿಳಿಯಬೇಕು. ಆಮೇಲೆ ಸಂಶಯದ ಕಾಯಿಲನ್ನು ಅದೇ ಸಾಲಿನ ಬೇರೊಂದರ ಜಾಗಕ್ಕೆ ಹಾಕಿ ನೋಡಿದಾಗ ದೋಷವೂ ಅದರ ಹಿಂದೆಯೇ ಹೋದರೆ ಕಾಯಿಲೇ ಅಪರಾಧಿ. ಹೋಗದಿದ್ದರೆ ಪ್ಲಗ್ಗು, ವೈರಿಂಗು ಇತ್ಯಾದಿ ಬೇರೆ ಅಧ್ಯಾಯಗಳನ್ನು ತೆರೆಯಬೇಕು. ಅದೇ ಸಾಲಿನದು ಎಂದದ್ದೇಕೆಂದರೆ, ಮುಂದಿನದೂ ಹಿಂದಿನದೂ ಬೇರೆ ಬೇರೆ ಜಾತಿ, ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ‘ಮುಂದಿಂದೋ ಹಿಂದಿಂದೋ?’ ಎಂದು ಕೇಳಿದಾಗ ತಬ್ಬಿಬ್ಬಾಗುವವನು ಇನ್ನೂ ಅಧಿಕಾರಿಯಾಗಿಲ್ಲ.

ಕರ್ಮಭಾಗವು ಚಿಕ್ಕದು. ಇಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ತೆಗೆದು, ಕನೆಕ್ಟರಿನ ನಾಲಗೆಯನ್ನು ಒತ್ತಿ ಕಳಚಿ, ಹತ್ತನೇ ನಂಬರಿನ ಬೋಲ್ಟ್ ಬಿಚ್ಚಿ, ಕಾಯಿಲನ್ನು ತುಸು ತಿರುಗಿಸುತ್ತ ಮೇಲೆಳೆದರೆ ರಬ್ಬರು ಪ್ಲಗ್ಗನ್ನು ಬಿಟ್ಟು ಬರುತ್ತದೆ. ಆದರೆ ಇಂಜಿನ್ನಿನ ಕಾವಿನಲ್ಲಿ ಇಪ್ಪತ್ತು ವರ್ಷ ಬೆಂದು ಹಪ್ಪಳವಾಗಿರುವ ಆ ನಾಲಗೆಯು ಒತ್ತಿದೊಡನೆ ‘ಟಿಕ್’ ಎನ್ನುತ್ತದೆ. ಅದು ಬಿಡಿಸಿಕೊಂಡ ಸದ್ದೋ ಮುರಿದ ಸದ್ದೋ ಎಂಬುದರ ಬಗ್ಗೆ, ಬೆನ್ನ ಹಿಂದೆ ಕೈಕಟ್ಟಿ ನಿಂತ ಎದುರುಮನೆಯ ನಿವೃತ್ತರಿಗೆ ಮಾತ್ರ ಖಚಿತ ಅಭಿಪ್ರಾಯವಿರುತ್ತದೆ. ಹತ್ತನೇ ನಂಬರಿನ ಪಾನಾವಾದರೋ ಆಯುಧಪೂಜೆಯ ದಿನ ಅರಿಸಿನ ಕುಂಕುಮ ಹಚ್ಚಿಸಿಕೊಳ್ಳಲು ಪ್ರತ್ಯಕ್ಷವಾಗಿ ಮರುದಿನವೇ ಅಂತರ್ಧಾನವಾಗುವ ವಸ್ತುವಾದ್ದರಿಂದ, ಮುಹೂರ್ತವನ್ನು ಮಹಾನವಮಿಯ ಸಂಜೆಗೆ ಇಟ್ಟುಕೊಳ್ಳುವುದು ಕ್ಷೇಮ.

ಕೊನೆಯದು ಉತ್ತರಕ್ರಿಯೆ. ಒಂದು ಹೋದರೆ ಸಾಲಿನ ನಾಲ್ಕನ್ನೂ ಬದಲಿಸುವ ರೂಢಿಯಿರುವುದರಿಂದ, ಹೊರಬಂದ ನಾಲ್ಕರಲ್ಲಿ ಮೂರು ಇನ್ನೂ ಜೀವಂತವಾಗಿದ್ದು, ಎಸೆಯಲು ಮನಸ್ಸಾಗದೆ ‘ಇರಲಿ, ಬೇಕಾಗುತ್ತೆ’ ಎಂಬ ಮಂತ್ರದೊಡನೆ ಅವನ್ನೆಲ್ಲ ಒಂದೇ ಬಿಸ್ಕತ್ತಿನ ಡಬ್ಬಿಗೆ ಹಾಕಿ ಡಿಕ್ಕಿಯಲ್ಲಿಡಲಾಗುತ್ತದೆ. ಸತ್ತದ್ದು ಯಾವುದೆಂದು ಗುರುತು ಹಾಕಿರುವುದಿಲ್ಲ. ಮುಂದೊಂದು ಮಳೆಗಾಲದ ರಾತ್ರಿ, ಚಾರ್ಮಾಡಿ ಘಾಟಿಯ ಯಾವುದೋ ತಿರುವಿನಲ್ಲಿ, ಮೊಬೈಲಿನ ಬೆಳಕು ಹಿಡಿದು ಆ ಡಬ್ಬಿಯನ್ನು ತೆರೆದಾಗ ಮೊದಲು ಕೈಗೆ ಬರುವುದು ಅದೇ.