ಮೆಚ್ಚಿದವರಿಗೆ ಒಂದು ಸ್ಟೇಷನ್, ಮೆಚ್ಚದವನಿಗೆ ಇಡೀ ರೈಲು

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಬಗ್ಗೆ ಜಗಳವಾಡಲು ಮಲೆನಾಡಿಗೇ ಹೋಗಬೇಕಾಗಿಲ್ಲ. ಬೆಳಗಿನ ಮಾರಿಕುಪ್ಪಂ ರೈಲು ಹತ್ತಿದರೆ ಸಾಕು. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಅರ್ಧ ಊರು ಬೆಂಗಳೂರಿನ ಕೆಲಸಕ್ಕೆ ಹೊರಡುವುದು ಇದರಲ್ಲೇ.

“ಬಹಳ ಕತ್ತಲ ಕಾದಂಬರಿ ರೀ” ಎಂದು ಮೇಷ್ಟ್ರೊಬ್ಬರು ಪೀಠಿಕೆ ಹಾಕಿದರು. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದಿದ್ದ ಹಿರಿಯರು ನಕ್ಕರು: “ಕತ್ತಲೆ ಲೆಕ್ಕ ನಮಗೆ ಹೇಳ್ತೀರಾ ಸಾರ್?”

ಮೆಚ್ಚಿನ ಪಾತ್ರಕ್ಕೆ ಮತ ಬಿತ್ತು. ಸೀಸನ್ ಪಾಸಿನವರೆಲ್ಲ ನಾಯಿಗುತ್ತಿಯ ಕಡೆ: “ದಿನವಿಡೀ ಅಲೆದಾಟ, ನಮ್ಮಂಥೋನೇ, ಪಾಸ್ ಇಲ್ಲ ಅಷ್ಟೆ.” ನರ್ಸಮ್ಮನವರ ಮತ ಮದುವೆಮನೆ ಬಿಟ್ಟು ಓಡಿದ ಚಿನ್ನಮ್ಮನಿಗೆ. ನನ್ನ ಮತ ಗುತ್ತಿಯ ನಾಯಿ ಹುಲಿಯನಿಗೆ. ಅದು ತುಂಗೆಯ ಪಾಲಾದದ್ದನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ. ಕೋರಮಂಡಲ್ ಸ್ಟೇಷನ್ ಬರುವಷ್ಟರಲ್ಲಿ ಮೆಚ್ಚುಗೆ ಮುಗಿದೇಹೋಯಿತು.

ಆಮೇಲೆ ಯಾರೋ ಚೀಂಕ್ರನ ಹೆಸರೆತ್ತಿದರು. ಅಬ್ಬಾ! ಹೆಂಡತಿ ದೇಯಿಯನ್ನು ಗೋಳು ಹೊಯ್ದುಕೊಂಡ ಆ ಸೇರೆಗಾರನನ್ನು (ಕೂಲಿಯಾಳುಗಳ ಮೇಸ್ತ್ರಿಯನ್ನು) ಬೈಯಲು ಕನ್ನಡ ಸಾಲದೆ ತಮಿಳು, ತೆಲುಗು ಎರಡನ್ನೂ ಸಾಲ ತಂದರು. ಕಾದಂಬರಿ ಓದದವರೂ ನಾಲ್ಕು ಮಾತು ಸೇರಿಸಿದರು. ಬಂಗಾರಪೇಟೆಯಲ್ಲಿ ಹತ್ತಿದವನೊಬ್ಬ, “ಯಾರು ಸಾರ್ ಆ ಚೀಂಕ್ರ? ಯಾವ ಬೋಗಿ?” ಎಂದು ತೋಳು ಮಡಚಿದ.

ಒಳ್ಳೆಯವರನ್ನು ಮೆಚ್ಚಿ ಸುಮ್ಮನಾಗುತ್ತೇವೆ. ಕೆಟ್ಟವನಿದ್ದರೆ ಬೆಂಗಳೂರು ಬಂದದ್ದೇ ಗೊತ್ತಾಗುವುದಿಲ್ಲ.