‘ಇಂದು ನಗದು ನಾಳೆ ಉದ್ರಿ’: ಶಾಸ್ತ್ರೀಯ ಆವೃತ್ತಿಗೊಂದು ಪೀಠಿಕೆ

ಬಸವಕಲ್ಯಾಣ–ಹುಮನಾಬಾದ್ ಸೀಮೆಯ ಚಹಾದಂಗಡಿಗಳ ಗೋಡೆಯ ಮೇಲೆ ಪ್ರಚುರವಾಗಿರುವ ಈ ನಾಲ್ಕು ಪದಗಳ ಕೃತಿಗೆ ಇನ್ನೂ ಶಾಸ್ತ್ರೀಯ ಆವೃತ್ತಿ ಬಾರದಿರುವುದು ವಿದ್ವಲ್ಲೋಕಕ್ಕೆ ಶೋಭೆಯಲ್ಲ. ಕೃತಿ ಧಾರ್ಮಿಕವೆಂಬುದು ನಿರ್ವಿವಾದ: ಕಲ್ಯಾಣದ ಪ್ರತಿಗಳು ಬಸವಣ್ಣನವರ ಪಟದ ಕೆಳಗೆ, ಹುಮನಾಬಾದಿನವು ಮಾಣಿಕಪ್ರಭುಗಳ ಇಲ್ಲವೇ ವೀರಭದ್ರೇಶ್ವರನ ಪಟದ ಕೆಳಗೆ ದೊರೆತಿವೆ. ಎಲ್ಲಕ್ಕೂ ನಿತ್ಯ ಊದಿನಕಡ್ಡಿ ಸಲ್ಲುತ್ತದೆ.

ವಚನಗಳ ಸಂಪಾದಕರಿಗೆ ಇಂಥ ಅನುಕೂಲ ಎಲ್ಲಿತ್ತು? 12ನೆಯ ಶತಮಾನದ ಮಾತು ಅವರ ಕೈಗೆ ಸಿಕ್ಕಿದ್ದು ಬಹುಮಟ್ಟಿಗೆ 15ನೆಯ ಶತಮಾನದಿಂದೀಚಿನ ಓಲೆಗಳಲ್ಲಿ, ಪ್ರತಿಯ ಪ್ರತಿಯ ಪ್ರತಿಯಾಗಿ. ಪದಗಳ ನಡುವೆ ತೆರಪಿಲ್ಲ, ಎ–ಏ ಒ–ಓ ಭೇದವಿಲ್ಲ, ಮಿಕ್ಕದ್ದಕ್ಕೆ ಹುಳ. ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ಅಲೆದು ಕಟ್ಟುಗಳನ್ನು ಕಲೆಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ ತಂದರು. ಮುದ್ರಣಾಲಯಕ್ಕಾಗಿ ಮನೆ ಮಾರಿದರು. ಪ್ರಸ್ತುತ ಸಂಪಾದಕ ಮಾರಿದ್ದು ಮೂರು ತಿಂಗಳ ರದ್ದಿ.

ಬಳಸಿದ ಪ್ರತಿಗಳು ನಾಲ್ಕು. ‘ಕ1’ ಬಸವಕಲ್ಯಾಣದ ಬಸ್ ನಿಲ್ದಾಣದ ಹತ್ತಿರದ್ದು. ಭಜಿ ಕರಿದ ಜಿಡ್ಡು ಅಕ್ಷರಗಳನ್ನು ಚೆನ್ನಾಗಿ ಕಾಪಾಡಿದೆ. ತ್ರಿಪುರಾಂತ ಕೆರೆಯ ಕಡೆಯ ‘ಕ2’ ತಗಡಿನ ಪ್ರತಿ. ಎಡಭಾಗ ತುಕ್ಕು ಹಿಡಿದು ಉದುರಿ, ‘ನಾಳೆ ಉದ್ರಿ’ ಮಾತ್ರ ಉಳಿದಿದೆ. ಗಿರಾಕಿಗಳು ಇದನ್ನೇ ಪರಿಶುದ್ಧ ಪಾಠವೆಂದು ವಾದಿಸುತ್ತಾರೆ. ‘ಹು2’ ಗುಣಮಟ್ಟದ ಚಹಾಕ್ಕಾಗಿ ಪದೇ ಪದೇ ಪರಿಶೀಲಿಸಲಾದ ಪ್ರತಿ.

ಗೊಂದಲ ‘ಹು1’ರದು. ಅಲ್ಲಿ ‘ನಾಳೆ ಉದ್ಯಾ’ ಎಂದಿದೆ. ಪೇಂಟರನ ಕೈತಪ್ಪಿನಿಂದ ರಕಾರದ ಒತ್ತು ಯಕಾರವಾಯಿತೆಂದು ಅವಸರದವರು ಹೇಳಿಯಾರು. ಆದರೆ ಈ ಗಡಿಸೀಮೆಯ ಮರಾಠಿಯಲ್ಲಿ ‘ಉದ್ಯಾ’ ಎಂದರೆ ನಾಳೆ! ‘ಇಂದು ನಗದು, ನಾಳೆ ನಾಳೆ’ ಎಂದಾಯಿತು. ಕ್ಲಿಷ್ಟಪಾಠವೇ ಮೂಲಕ್ಕೆ ಹತ್ತಿರ ಎಂಬುದು ಬೈಬಲ್ಲಿನ ಸಂಪಾದಕರೂ ನೆಚ್ಚಿದ ಸೂತ್ರ. ಅಂಗಡಿಯವರ ಮನೋಗತಕ್ಕೂ ಈ ಪಾಠವೇ ಹೊಂದುವುದರಿಂದ ಇದನ್ನು ಸ್ವೀಕರಿಸಿದೆ.

ಇನ್ನು ಅಂಕಿತ. ‘ಕೂಡಲಸಂಗಮದೇವ’ ಎಂದರೆ ಬಸವಣ್ಣನವರೆಂದು ಗೊತ್ತು. ನಮ್ಮ ಕೃತಿಯ ಕೊನೆಗೆ ‘ಮಾಲೀಕರ ಅಪ್ಪಣೆ ಮೇರೆಗೆ’ ಎಂದಿದೆ. ಗಲ್ಲೆಯ ಮೇಲೆ ಕೂತವರನ್ನು ಕೇಳಿದರೆ ತಾವು ಮಾಲೀಕರಲ್ಲವೆನ್ನುತ್ತಾರೆ. ಬಸವಣ್ಣನವರ ಅಂಕಿತವನ್ನು ‘ಲಿಂಗದೇವ’ ಎಂದು ತಿದ್ದಿದ ಪುಸ್ತಕ 1998ರಲ್ಲಿ ನಿಷೇಧಕ್ಕೊಳಗಾಗಿ ಸುಪ್ರೀಂ ಕೋರ್ಟಿನವರೆಗೂ ಹೋದದ್ದು ನೆನಪಿರುವುದರಿಂದ ಅಂಕಿತಕ್ಕೆ ನಾನು ಕೈಹಚ್ಚಿಲ್ಲ.

ಹಾಗೆಂದು ಪರಿಷ್ಕರಣೆ ಪರಂಪರೆಗೆ ಹೊಸದಲ್ಲ: ವಚನಗಳನ್ನು ಪೋಣಿಸಿದ ‘ಶೂನ್ಯಸಂಪಾದನೆ’ಯನ್ನು ಶಿವಗಣಪ್ರಸಾದಿ ಮಹಾದೇವಯ್ಯ ಕಟ್ಟಿದ ಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣ ಮತ್ತೆ ಮತ್ತೆ ಪರಿಷ್ಕರಿಸಿದರು. ಅದರ ಅನುಭಾವದ ಅರ್ಥ ದೊಡ್ಡವರಿಗಿರಲಿ. ಉದ್ರಿ ಕೊಟ್ಟ ಅಂಗಡಿಯವರಿಗೆ ಆ ಹೆಸರಿನ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ.

ಈ ಟಿಪ್ಪಣಿ ಬರೆಯುತ್ತಿದ್ದಾಗ ‘ಹು2’ರ ಗಲ್ಲೆಯಿಂದ ದನಿ ಬಂತು: “ಸರ್, ಗ್ವಾಡಿ ಓದೂದು ಮುಗೀತೇನ್ರಿ? ಮೂರು ಚಹಾ ಆಗ್ಯಾವು.”

ಗಲ್ಲೆಯ ಕೆಳಗೆ ಉದ್ದನೆಯ ಕೆಂಪು ವಹಿಯೊಂದು ದೊರೆತಿದ್ದು, ಗ್ರಂಥಕರ್ತರ ಸ್ವಹಸ್ತದಲ್ಲಿದೆ. ಅದರಲ್ಲಿ ಸಂಪಾದಕನ ಹೆಸರು, ಮುಂದೆ 185 ರೂಪಾಯಿ. ಪಾಠಾಂತರವಿಲ್ಲ.